ನಿಮ್ಮ ಟ್ರಂಕು ನೀವೇ ತುಂಬಿ

ಸೀಟು ಸಿಕ್ಕಿ, ಹಾಸ್ಟೆಲ್ ಲಿಸ್ಟಿನಲ್ಲಿ ಹೆಸರು ಬಂದ ದಿನದಿಂದ ನಮ್ಮ ಕಡೆ ಮನೆಗಳಲ್ಲಿ ಒಂದು ಗಡಿಬಿಡಿ ಶುರುವಾಗುತ್ತದೆ. ಅಮ್ಮ ಅಟ್ಟದ ಮೇಲಿನ ಡಬ್ಬಿ ಇಳಿಸಿ ತೊಳೆಯುತ್ತಾಳೆ. ಅಪ್ಪ ಹೊಸದುರ್ಗಕ್ಕೋ ಹೊಳಲ್ಕೆರೆಗೋ ಹೋಗಿ ಬಕೆಟ್ಟು, ಚಾಪೆ ತರುತ್ತಾನೆ. ಅಕ್ಕ ಬಟ್ಟೆ ಮಡಚಿ ಕೊಡುತ್ತಾಳೆ. ಹಾಸ್ಟೆಲ್‌ಗೆ ಹೋಗಬೇಕಾದ ಮಹರಾಯ ಮಾತ್ರ ಮಂಚದ ಮೇಲೆ ಅಡ್ಡಾಗಿ ಮೊಬೈಲು ನೋಡುತ್ತಿರುತ್ತಾನೆ.

ಮಕ್ಕಳೇ, ಮೊದಲು ಎದ್ದು ಕೂತುಕೊಳ್ಳಿ. ನಾನು ಈ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಹಾಸ್ಟೆಲ್‌ಗಳಲ್ಲಿ ವಾರ್ಡನ್ ಆಗಿದ್ದು ನಿವೃತ್ತನಾದವನು. ಪ್ರತಿವರ್ಷ ಮಳೆಗಾಲದ ಆರಂಭಕ್ಕೆ ಗೇಟಿನೊಳಗೆ ಬರುತ್ತಿದ್ದ ಟ್ರಂಕು, ಬ್ಯಾಗು, ಗೋಣಿಚೀಲಗಳನ್ನು ನೋಡಿದ್ದೇನೆ. ಯಾರು ತಮ್ಮ ಸಾಮಾನು ತಾವೇ ತುಂಬಿಕೊಂಡು ಬಂದಿದ್ದಾರೆ, ಯಾರಿಗೆ ಮನೆಯವರು ತುಂಬಿ ಕಳಿಸಿದ್ದಾರೆ ಅನ್ನುವುದು ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ಮನೆಯವರು ತುಂಬಿ ಕಳಿಸಿದವನು ಸೋಪು ಯಾವ ಚೀಲದಲ್ಲಿದೆ ಎಂದು ಊರಿಗೆ ಫೋನ್ ಮಾಡುತ್ತಿದ್ದ. ತಾನೇ ತುಂಬಿಕೊಂಡವನು ಸೋಪು ಮರೆತು ಬಂದಿದ್ದರೂ ಸಂಜೆ ಅಂಗಡಿಗೆ ಹೋಗಿ ತಂದುಕೊಳ್ಳುತ್ತಿದ್ದ. ನಾನು ಹೇಳಬೇಕಾದ್ದು ಹೆಚ್ಚುಕಡಿಮೆ ಇಷ್ಟೇ. ಏನನ್ನು ಒಯ್ಯಬೇಕು ಎಂದು ಕೇಳುವ ಮೊದಲು, ತುಂಬುವ ಕೈ ಯಾರದು ಎಂದು ಕೇಳಿಕೊಳ್ಳಿ.

ನಮ್ಮ ಕಾಲದ ಹುಡುಗರಿಗೆ ಆಯ್ಕೆಯ ತಲೆನೋವೇ ಇರಲಿಲ್ಲ ಬಿಡಿ. ಒಂದು ತಗಡಿನ ಟ್ರಂಕು, ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ತಟ್ಟೆ, ಒಂದು ಲೋಟ, ಮೇಲೆ ಸುತ್ತಿ ಕಟ್ಟಿದ ಕಂಬಳಿ. ನಮಗಿಂತ ಹಿಂದಿನವರಿಗೆ ಅದೂ ಇರಲಿಲ್ಲ. ವಾರಾನ್ನ ಮಾಡಿಕೊಂಡು ಓದಿದವರ ಕಥೆ ನಿಮ್ಮ ತಾತಂದಿರಿಗೆ ಗೊತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಯಾವ ವಾರಕ್ಕೆ ಮನೆ ಸಿಗಲಿಲ್ಲವೋ ಅವತ್ತು ಉಪವಾಸ. ಪೇಟೆಯಲ್ಲಿ ರೂಮು ಮಾಡಿಕೊಂಡವರಿಗೆ ಊರಿಂದ ಬೆಳಗಿನ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಕಂಡಕ್ಟರು ಕ್ಯಾರಿಯರ್ ಇಳಿಸಿ ಹೋಗುತ್ತಿದ್ದ, ಸಂಜೆ ಖಾಲಿ ಕ್ಯಾರಿಯರ್ ಅದೇ ಬಸ್ಸಿಗೆ ವಾಪಸ್. ಬಸ್ಸು ಕೆಟ್ಟರೆ ಊಟವೂ ಇಲ್ಲ.

ಇದನ್ನು ಹೇಳಿ ನಿಮ್ಮನ್ನು ನಾಚಿಸಬೇಕು ಅನ್ನುವ ಆಸೆ ನನಗಿಲ್ಲ. ಬಡತನ ದೊಡ್ಡ ಗುಣವೇನೂ ಅಲ್ಲ, ಹೊಟ್ಟೆ ಹಸಿದರೆ ಓದು ತಲೆಗೆ ಹತ್ತುವುದಿಲ್ಲ. ಅದು ಗೊತ್ತಿದ್ದವರೇ ನಮ್ಮ ಜಿಲ್ಲೆಯಲ್ಲಿ ಹಾಸ್ಟೆಲ್ ಕಟ್ಟಿಸಿದ್ದು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ 1943ರಲ್ಲಿ ಅನಾಥ ಸೇವಾಶ್ರಮ ಶುರು ಮಾಡಿದರು. ಯೋಗ, ವ್ಯಾಯಾಮ ಕಲಿಸುತ್ತಿದ್ದವರು, ಆಯುರ್ವೇದ ಬಲ್ಲವರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ಬೇಡಿ ತಂದದ್ದರಲ್ಲೇ ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆ ಎದ್ದವು. ‘ತಿರುಕ’ ಎಂದೇ ಹೆಸರಿಟ್ಟುಕೊಂಡು ಬರೆದರು. 1996ರಲ್ಲಿ ತೀರಿಕೊಳ್ಳುವವರೆಗೂ ಅವರದು ಅದೇ ಜೋಳಿಗೆ. ಆ ಜೋಳಿಗೆಗೆ ಬಿದ್ದ ಹಿಡಿ ರಾಗಿಯಲ್ಲಿ ಓದಿ ಮೇಷ್ಟ್ರಾದವರು, ಡಾಕ್ಟರಾದವರು ಈ ಸೀಮೆಯಲ್ಲಿ ಎಷ್ಟೋ ಜನ. ಸಿರಿಗೆರೆ ಮಠದವರು, ಪಕ್ಕದ ತುಮಕೂರಿನ ಸಿದ್ಧಗಂಗೆಯವರು ಮಕ್ಕಳನ್ನು ಇಟ್ಟುಕೊಂಡು ಓದಿಸಿದ್ದೂ ನಿಮಗೆ ಗೊತ್ತಿರುವುದೇ. ಆಮೇಲೆ 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅವರು ನೇಮಿಸಿದ ಹಿಂದುಳಿದ ವರ್ಗಗಳ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಮಠದ ಆಸರೆಯಾಗಲಿ ಜಾತಿಯ ಬಲವಾಗಲಿ ಇಲ್ಲದ ಮನೆಗಳ ಮಕ್ಕಳಿಗೂ ಸರ್ಕಾರಿ ಹಾಸ್ಟೆಲ್ ಬಾಗಿಲು ಅಗಲವಾಗಿ ತೆರೆದದ್ದು ಆ ಕಾಲದಿಂದ ಈಚೆಗೆ.

ಈಗ ಗೇಟಿನ ಮುಂದೆ ಕಾರು, ಟಾಟಾ ಏಸ್ ನಿಲ್ಲುತ್ತವೆ. ಹಾಸಿಗೆ, ಎರಡು ದಿಂಬು, ಫ್ಯಾನು, ಶೂ ಇಡುವ ಸ್ಟ್ಯಾಂಡು, ಮೂರು ಸೂಟ್‌ಕೇಸು. ಒಂದು ರೂಮಿನಲ್ಲಿ ನಾಲ್ಕು ಜನ ಇರಬೇಕು, ಒಬ್ಬನ ಸಾಮಾನೇ ಮುಕ್ಕಾಲು ರೂಮು ತುಂಬಿದರೆ ಉಳಿದ ಮೂವರು ಎಲ್ಲಿ ಕಾಲು ಚಾಚಬೇಕು? ಮೊದಲ ದಿನವೇ ಮನಸ್ತಾಪ ಹುಟ್ಟುವುದು ಇಂಥದ್ದರಿಂದ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಹೊಳಲ್ಕೆರೆಯಿಂದ ದುರ್ಗಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಹಿರಿಯೂರಿಂದ ನಲವತ್ತು ಕಿಲೋಮೀಟರ್ ಆಸುಪಾಸು. ಹೊಸದುರ್ಗ ಸ್ವಲ್ಪ ದೂರ, ಆದರೂ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಬೆಂಗಳೂರಿಗೆ ಹೋದರೂ ಇನ್ನೂರು ಕಿಲೋಮೀಟರ್, ಅಷ್ಟೇ. ನೀವೇನು ಸಮುದ್ರ ದಾಟುತ್ತಿಲ್ಲವಲ್ಲ. ಸ್ವೆಟರ್ ದಸರಾ ರಜೆಗೆ ಬಂದಾಗ ಒಯ್ಯಬಹುದು. ಎರಡನೇ ಸೆಮಿಸ್ಟರಿನ ಪುಸ್ತಕ ಎರಡನೇ ಸೆಮಿಸ್ಟರಿಗೆ.

ಅಳತೆ ಬೇಕಾದರೆ ನಾನೊಂದು ಕೊಡುತ್ತೇನೆ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕ 30 ಕೆ.ಜಿ.ವರೆಗೆ ಲಗೇಜು ದುಡ್ಡು ಕೊಡದೆ ಒಯ್ಯಬಹುದು. ಅಷ್ಟರೊಳಗೆ ಮುಗಿಸಿ. ಅದನ್ನೂ ನೀವೊಬ್ಬರೇ ಎತ್ತಿ ಬಸ್ಸಿಗೆ ಹಾಕಿ, ಇಳಿಸಿ, ಸ್ಟ್ಯಾಂಡಿನಿಂದ ಆಟೋವರೆಗೆ ಹೊರುವಂತಿರಬೇಕು. ಹೊರಲಾಗದ್ದು ಬೇಡವಾದದ್ದು ಅಂತಲೇ ತಿಳಿಯಿರಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜೂ ಇಲ್ಲ. ಊರಿಗೆ ಬಂದುಹೋಗಲು ಅಪ್ಪನ ಮುಂದೆ ಕೈಚಾಚಬೇಕಾಗಿಲ್ಲ ಅಂದ ಮೇಲೆ ಇಡೀ ಮನೆಯನ್ನೇ ಒಂದೇ ಸಲ ಯಾಕೆ ಹೊರುತ್ತೀರಿ ತಾಯಂದಿರಾ?

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಟ್ರಂಕಿನಲ್ಲಿ ಮೊದಲು ಇಡಬೇಕಾದದ್ದು ಬಟ್ಟೆಯೂ ಅಲ್ಲ, ಚಕ್ಕುಲಿ ಡಬ್ಬಿಯೂ ಅಲ್ಲ, ಕಾಗದಪತ್ರದ ಫೈಲು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿಸಿ, ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡಿನ ನಕಲು, ಬ್ಯಾಂಕ್ ಪಾಸ್‌ಬುಕ್, ಹತ್ತಿಪ್ಪತ್ತು ಪಾಸ್‌ಪೋರ್ಟ್ ಅಳತೆಯ ಫೋಟೋ. ಎಲ್ಲದರ ಜೆರಾಕ್ಸ್ ನಾಲ್ಕು ನಾಲ್ಕು ಮಾಡಿಸಿ. ಕಾಲೇಜಿನವರು ಅಸಲು ಕೇಳಿದರೆ ಕೊಡಿ, ಕೊಟ್ಟದ್ದಕ್ಕೆ ರಸೀತಿ ಇಸಿದುಕೊಳ್ಳಿ. ಉಳಿದ ಅಸಲುಗಳು ಮನೆಯ ಬೀರುವಿನಲ್ಲೇ ಇರಲಿ, ಹಾಸ್ಟೆಲ್ ರೂಮಿನಲ್ಲಿ ಅವಕ್ಕೇನು ಕೆಲಸ? ಡಿಜಿಲಾಕರ್‌ನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ.

ಆ ಫೈಲು ಮುಚ್ಚುವ ಮುನ್ನ ಒಂದು ಕೆಲಸ ಮಾಡಿ. ಎಲ್ಲ ಕಾಗದಗಳನ್ನೂ ನೆಲದ ಮೇಲೆ ಸಾಲಾಗಿ ಹರಡಿ, ನಿಮ್ಮ ಹೆಸರನ್ನು ಒಂದೊಂದರಲ್ಲೂ ಅಕ್ಷರ ಅಕ್ಷರ ಓದಿ. ನಮ್ಮ ಜಿಲ್ಲೆಯಲ್ಲಿ ನಾಯಕನಹಟ್ಟಿ ಅಜ್ಜಯ್ಯನ ಹೆಸರಿಟ್ಟುಕೊಂಡ ತಿಪ್ಪೇಸ್ವಾಮಿಗಳು ಊರಿಗೆ ಹತ್ತು ಜನ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತ ಟಿ ಪಕ್ಕ ಎಚ್ ಹಾಕುತ್ತಾನೆ, ಇನ್ನೊಬ್ಬ ಹಾಕುವುದಿಲ್ಲ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಇನಿಷಿಯಲ್ಲೇ ಇಲ್ಲ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್ ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ದುಡ್ಡು ಬೀಳುವುದು ಆಧಾರ್ ಜೋಡಣೆಯಾದ ಖಾತೆಗೆ, ಜೋಡಣೆ ಆಗಿಲ್ಲದಿದ್ದರೆ ಮಂಜೂರಾದದ್ದೂ ಕೈಗೆ ಬರುವುದಿಲ್ಲ. ಒಂದು ಎಚ್ ಸಲುವಾಗಿ ಪರೀಕ್ಷೆ ಹೊತ್ತಿನಲ್ಲಿ ಆಧಾರ್ ಸೆಂಟರ್, ಬ್ಯಾಂಕು, ಕಚೇರಿ ಅಂತ ಅಲೆದು ಕಣ್ಣೀರು ಹಾಕಿದ ಹುಡುಗರನ್ನು ನಾನು ಬಲ್ಲೆ. ಊರಲ್ಲಿರುವಾಗಲೇ, ನಾಡಕಚೇರಿ ಹತ್ತಿರವಿರುವಾಗಲೇ ಸರಿಮಾಡಿಸಿ. ಆದಾಯ ಪ್ರಮಾಣಪತ್ರದ ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಆ ಪುಸ್ತಕದ ಮಾತು ಬಂತಲ್ಲ, ಅದು ಕಾಗದದ ಪುಸ್ತಕವೇ ಆಗಿರಲಿ. ಅಪ್ಪ, ಅಮ್ಮ, ಪಕ್ಕದ ಮನೆಯ ಒಬ್ಬರು, ವಾರ್ಡನ್, ನಂಬುವ ಒಬ್ಬ ಮೇಷ್ಟ್ರು, ಇವರ ನಂಬರ್ ಅದರಲ್ಲಿರಲಿ. ಮೊಬೈಲು ಕಳೆದ ದಿನ ಅಮ್ಮನ ನಂಬರೇ ಬಾಯಿಗೆ ಬಾರದೆ ನಿಂತ ಡಿಗ್ರಿ ಹುಡುಗರಿದ್ದಾರೆ. ಕೆಳಗೆ ಇನ್ನೆರಡು ನಂಬರ್ ಬರೆಯಿರಿ: ತುರ್ತಿಗೆ 112, ರ‍್ಯಾಗಿಂಗ್ ದೂರಿಗೆ ಯುಜಿಸಿಯ ಸಹಾಯವಾಣಿ 1800-180-5522. ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲೇ ನಿಯಮ ಮಾಡಿದೆ. ಸೀನಿಯರ್‌ಗಳು ತಮಾಷೆ ಎಂದು ಹೇಳುವುದೆಲ್ಲ ತಮಾಷೆಯಾಗಿರುವುದಿಲ್ಲ. ಯಾರೇ ಆಗಲಿ, ಎಷ್ಟೇ ದೊಡ್ಡ ಹೆಸರಿನವರಾಗಲಿ, ನಿಮಗೆ ಇರಿಸುಮುರಿಸಾಗುವಂತೆ ನಡೆದುಕೊಂಡರೆ ಮನೆಗೆ ಹೇಳಿ. ಮನೆಯವರು ಕೇಳದಿದ್ದರೆ ಬೇರೆಯವರಿಗೆ ಹೇಳಿ. ಮರ್ಯಾದೆ ಹೋಗುವುದು ತಪ್ಪು ಮಾಡಿದವರದು. ಹಿರಿಯರಾದ ನಾವು ಇದನ್ನು ನಿಮಗೆ ಗಟ್ಟಿಯಾಗಿ ಹೇಳಿಕೊಟ್ಟಿಲ್ಲ, ಆ ಬಗ್ಗೆ ನನಗೆ ಬೇಸರವಿದೆ.

ಇನ್ನು ಹಾಸಿಗೆ ಹೊದಿಕೆ. ದುರ್ಗದ ಗಾಳಿ ಹೊರಗಿನಿಂದ ಬಂದವರಿಗೆ ತಟ್ಟನೆ ಅರ್ಥವಾಗುವುದಿಲ್ಲ. ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಕಿಟಕಿ ಸಂದಿಯಿಂದ ನುಗ್ಗುವ ಗಾಳಿಗೆ ತೆಳ್ಳನೆ ಬೆಡ್‌ಶೀಟು ಏನೂ ಸಾಲದು. ಚಳ್ಳಕೆರೆ ಕಡೆಯ ಕರಿಕಂಬಳಿ ಮನೆಯಲ್ಲಿದ್ದರೆ ಒಯ್ಯಿರಿ. ನಮ್ಮ ಬಯಲುಸೀಮೆಯ ಕುರಿಯ ಉಣ್ಣೆ, ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ಗುಂಡಿಮಗ್ಗದಲ್ಲಿ ನೇಯ್ದದ್ದು. ಹೊಸತರಲ್ಲಿ ಚುಚ್ಚುತ್ತದೆ ನಿಜ, ಒಳಗೊಂದು ಹತ್ತಿಯ ದುಪ್ಪಟಿ ಹಾಕಿಕೊಂಡರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ನೆನೆದರೆ ಒಣಗಲು ದಿನಗಟ್ಟಲೆ ಬೇಕು, ವಾಸನೆಯೂ ಬರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಈಚಿನ ಹುಡುಗರು ಕಂಬಳಿ ಬಿಡುವುದು ವಾಸನೆಗೆ ಅಲ್ಲ, ನಾಚಿಕೆಗೆ. ಗೆಳೆಯರು ಹಳ್ಳಿ ಗಮಾರ ಅಂದಾರು ಎಂದು. ಕುರಿಯ ಜೊತೆ ಬೆಳೆದ ಅಪ್ಪ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ನಿಮ್ಮ ಫೀಸು ದುಡಿದದ್ದು ಅದೇ ಕಂಬಳಿಯಲ್ಲಿ. ಚುಚ್ಚಿದರೆ ಬಿಟ್ಟುಹೋಗಿ, ನಾಚಿಕೆಗಾಗಿ ಮಾತ್ರ ಬಿಡಬೇಡಿ.

ನೀರಿನ ವಿಷಯ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ ಅಂದುಕೊಂಡಿದ್ದೆ, ಈಗ ಹೇಳಬೇಕಾಗಿದೆ. ನಮ್ಮ ಕಡೆ ಬೋರಿನ ನೀರು ಗಡಸು, ಸೋಪು ನೊರೆ ಬರುವುದಿಲ್ಲ, ಎಷ್ಟೋ ಹಳ್ಳಿಯ ನೀರಿನಲ್ಲಿ ಫ್ಲೋರೈಡು. ಹಿರಿಯೂರು, ಚಿತ್ರದುರ್ಗಗಳಿಗೆ ಕುಡಿಯುವ ನೀರು ಕೊಡುವ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು. ನಮ್ಮವರು ಮಾರಿಕಣಿವೆ ಅನ್ನುವ ಅದೇ ಡ್ಯಾಮು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅಂದರೆ ಮೂರು ತಲೆಮಾರು ಆ ಡ್ಯಾಮು ತುಂಬಿ ಹರಿಯುವುದನ್ನು ಕಾಣದೆ ಬದುಕಿತು. ಹಾಗೆ ಬದುಕಿದವರು ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, ಅದೇ ಬಚ್ಚಲ ನೀರನ್ನು ತೆಂಗಿನ ಬುಡಕ್ಕೆ ಹರಿಸುತ್ತಿದ್ದರು. ಹಾಸ್ಟೆಲ್‌ನಲ್ಲಿ ನಲ್ಲಿ ತಿರುಗಿಸಿಟ್ಟು ಹಲ್ಲುಜ್ಜುವ ಮಕ್ಕಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಒಂದು ಗಟ್ಟಿ ಬಕೆಟ್ಟು, ಒಂದು ಮಗ್ಗು ನಿಮ್ಮದೇ ಇರಲಿ. ಕುಡಿಯುವ ನೀರಿಗೆ ಸ್ಟೀಲ್ ಬಾಟಲಿ. ನೀರಿನಲ್ಲಿ ಅದ್ದಿ ಕಾಯಿಸುವ ಹೀಟರ್ ರಾಡ್ ಮಾತ್ರ ದಯವಿಟ್ಟು ಒಯ್ಯಬೇಡಿ. ಹಳೆಯ ವೈರಿಂಗು, ಒದ್ದೆ ನೆಲ, ಬರಿಗಾಲು. ಆಮೇಲೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ತಿಂಡಿ ವಿಷಯದಲ್ಲಿ ನಾನು ಅಮ್ಮಂದಿರ ಪರ. ಹಾಸ್ಟೆಲ್ ಸಾರು ಎಷ್ಟೇ ತೆಳ್ಳಗಿದ್ದರೂ ಶೇಂಗಾ ಚಟ್ನಿಪುಡಿ ಇದ್ದರೆ ಊಟ ಮೇಲೆದ್ದು ಬರುತ್ತದೆ. ಹುಚ್ಚೆಳ್ಳು ಪುಡಿಯೂ ಚೆನ್ನ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ, ಪ್ಲಾಸ್ಟಿಕ್ ಕವರು ಇಲಿಗೆ ಒಂದು ರಾತ್ರಿಯ ಕೆಲಸ. ಎಣ್ಣೆ ಉಪ್ಪಿನಕಾಯಿಯನ್ನು ಬಟ್ಟೆ ಜೊತೆ ತುಂಬಬೇಡಿ. ತಟ್ಟೆ, ಲೋಟದ ಮೇಲೆ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸಿ, ಹೆಸರಿಲ್ಲದ ಲೋಟ ಹಾಸ್ಟೆಲ್‌ನಲ್ಲಿ ಊರಿಗೆಲ್ಲ ಸೇರಿದ್ದು. ಡಬ್ಬಿ ಬಿಚ್ಚಿದಾಗ ಪಕ್ಕದವನಿಗೂ ಒಂದು ಚಮಚ ಹಾಕಿ.

ಪಕ್ಕದವನು ಅಂದೆನಲ್ಲ, ಅವನು ಯಾವ ಜನ ಎಂದು ಕೇಳುವ ಅಭ್ಯಾಸವನ್ನು ಊರಲ್ಲೇ ಬಿಟ್ಟುಹೋಗಿ. ಇದನ್ನು ಹೇಳದೆ ಸಾಮಾನಿನ ಪಟ್ಟಿ ಮುಗಿಸಲು ನನ್ನಿಂದಾಗದು. ಎಷ್ಟೋ ಹಳ್ಳಿ ಹುಡುಗರು ಬೇರೆ ಜಾತಿಯವರ ಪಕ್ಕ ಕೂತು ಮೊದಲ ಸಲ ಮುದ್ದೆ ಮುರಿದದ್ದೇ ಸರ್ಕಾರಿ ಹಾಸ್ಟೆಲ್ ಪಂಕ್ತಿಯಲ್ಲಿ. ಮೊದಲ ತಿಂಗಳು ಮುಖ ಗಂಟು ಹಾಕಿಕೊಂಡಿದ್ದವರು ವರ್ಷದ ಕೊನೆಗೆ ಒಂದೇ ತಟ್ಟೆಗೆ ಕೈಹಾಕುತ್ತಿದ್ದರು, ಮುಂದೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿ ಬಡಿಸಿದ್ದೂ ಉಂಟು. ಈಗ ನೋಡಿದರೆ ಓದಿದವರಲ್ಲೇ ರೂಮು ಹಂಚಿಕೊಳ್ಳುವಾಗ ನಮ್ಮವರು ತಮ್ಮವರು ಎಂಬ ಹುಡುಕಾಟ, ವಾಟ್ಸಾಪಿನಲ್ಲಿ ಒಂದೊಂದು ಜಾತಿಗೆ ಒಂದೊಂದು ಗುಂಪು. ನಿಮ್ಮ ವಯಸ್ಸಿನಲ್ಲಿ ಇದನ್ನು ಬಿಡುವುದು ಸುಲಭ, ನಲವತ್ತು ದಾಟಿದ ಮೇಲೆ ಕಷ್ಟ. ರೂಮು ಕೇಳುವಾಗ ಊರು ತಿಳಿಯದ, ಹೆಸರು ತಿಳಿಯದ ಒಬ್ಬನ ಜೊತೆ ಕೇಳಿ ನೋಡಿ.

ಮೊಬೈಲಿನ ಬಗ್ಗೆ ಉದ್ದ ಭಾಷಣ ಮಾಡುವುದಿಲ್ಲ, ಮಾಡಿದರೂ ನೀವು ಕೇಳುವುದಿಲ್ಲ. ಎರಡೇ ಮಾತು. ಹಾಸ್ಟೆಲ್‌ಗೆ ಹೋಗುವ ನೆಪದಲ್ಲಿ ಕಂತಿನ ಮೇಲೆ ದುಬಾರಿ ಫೋನು ತೆಗೆಸಿಕೊಳ್ಳಬೇಡಿ. ದಾಳಿಂಬೆ ರೇಟು ಬಿದ್ದರೂ, ತೆಂಗಿಗೆ ರೋಗ ಬಂದರೂ ಕಂತು ನಿಲ್ಲುವುದಿಲ್ಲ. ಎರಡನೆಯದು, ಹಣ ಕಟ್ಟಿ ಆಡುವ ಆಟ, ಐಪಿಎಲ್ ಬೆಟ್ಟಿಂಗು, ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪು, ಇವುಗಳಲ್ಲಿ ಯಾವುದಾದರೂ ಫೋನಿನಲ್ಲಿದ್ದರೆ ಮನೆ ಬಿಡುವ ಮೊದಲೇ ಅಳಿಸಿ. ಹಣ ಕಟ್ಟಿಸಿಕೊಂಡು ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು ಎಂದರೆ ಎಷ್ಟು ಮನೆ ಹಾಳಾಗಿರಬೇಕು ಯೋಚಿಸಿ. ಈಗಾಗಲೇ ಸಾಲ ಮಾಡಿಕೊಂಡಿದ್ದರೆ ಇವತ್ತೇ ಅಪ್ಪನಿಗೆ ಹೇಳಿ. ಬೈಯುತ್ತಾರೆ, ಹೌದು. ಬೈದ ಮೇಲೆ ದಾರಿ ಹುಡುಕುವವರೂ ಅವರೇ.

ಸಣ್ಣಪುಟ್ಟವು ಕೆಲವು ಉಳಿದವು. ಒಂದು ಒಳ್ಳೆಯ ಬೀಗ, ಅದಕ್ಕೆ ಎರಡು ಕೈ: ಒಂದು ಉಡಿದಾರಕ್ಕೋ ಕೊರಳ ದಾರಕ್ಕೋ, ಇನ್ನೊಂದು ನಂಬಿಕೆಯ ಗೆಳೆಯನ ಹತ್ತಿರ. ಸೂಜಿ ದಾರ, ನಾಲ್ಕು ಗುಂಡಿ. ಗಂಡುಮಕ್ಕಳೂ ಗುಂಡಿ ಹಚ್ಚಲು ಕಲಿತೇ ಹೊರಡಿ. ಬಟ್ಟೆ ಹಾಕಲು ಹಗ್ಗ. ಜ್ವರದ ಮಾತ್ರೆ, ಓಆರ್‌ಎಸ್ ಪೊಟ್ಟಣ, ದಿನಾ ತೆಗೆದುಕೊಳ್ಳುವ ಔಷಧಿಯಿದ್ದರೆ ಡಾಕ್ಟರ ಚೀಟಿ ಸಮೇತ. ಹೆಣ್ಣುಮಕ್ಕಳು ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಬಚ್ಚಿಡುವ ಕಾಲ ಮುಗಿಯಲಿ, ಎರಡು ತಿಂಗಳಿಗೆ ಬೇಕಾದಷ್ಟು ಧೈರ್ಯವಾಗಿ ಇಟ್ಟುಕೊಳ್ಳಿ. ಹಾಸ್ಟೆಲ್‌ನಲ್ಲಿ ಮಂಚ, ಹಾಸಿಗೆ ಕೊಡುತ್ತಾರೋ ಇಲ್ಲವೋ ಎಂದು ಮುಂಚೆಯೇ ಒಂದು ಫೋನ್ ಮಾಡಿ ಕೇಳಿ, ಅರ್ಧ ಸಾಮಾನು ಅಲ್ಲೇ ಕಡಿಮೆಯಾಗುತ್ತದೆ. ಪಠ್ಯವಲ್ಲದ ಪುಸ್ತಕ ಒಂದಾದರೂ ಇರಲಿ. ಬೆಂಗಳೂರಿಗೋ ಮೈಸೂರಿಗೋ ಹೋಗುವವರು ತ.ರಾ.ಸು. ಅವರ ‘ದುರ್ಗಾಸ್ತಮಾನ’ ಒಯ್ಯಿರಿ. ಚಿತ್ರದುರ್ಗದವರಾ, ಕೋಟೆ ಕಥೆ ಹೇಳಿ ಎಂದು ಯಾರಾದರೂ ಕೇಳೇ ಕೇಳುತ್ತಾರೆ, ಒನಕೆ ಓಬವ್ವನ ಸಿನಿಮಾ ಹಾಡಿಗೇ ನಿಲ್ಲಬೇಡಿ.

ಎಲ್ಲ ತುಂಬಿ ಆದ ಮೇಲೆ ಅಮ್ಮ ಒಮ್ಮೆ ಬಂದು ತೆಗೆದು ನೋಡುತ್ತಾಳೆ, ಇದು ಬೇಡವೇ ಅದು ಬೇಡವೇ ಅನ್ನುತ್ತಾಳೆ. ರೇಗಬೇಡಿ. ಅವಳು ಇಟ್ಟದ್ದರಲ್ಲಿ ಒಂದನ್ನಾದರೂ ಇರಲಿ ಬಿಡು ಎಂದು ಒಪ್ಪಿಕೊಳ್ಳಿ.

ಮೊದಲ ಸಲ ಊರಿಗೆ ಬರುವಾಗ ತಿಂಗಳ ಕೊಳೆ ಬಟ್ಟೆಯನ್ನು ಚೀಲಕ್ಕೆ ತುರುಕಿಕೊಂಡು ಬಂದು ಅಮ್ಮನ ಮುಂದೆ ಸುರಿಯಬೇಡಿ. ಭಾನುವಾರ ಒಗೆದು, ಒಣಗಿಸಿ, ಹೊರಡಿ. ಇಷ್ಟು ದಿನ ಕೈಯಿಂದ ಮುಟ್ಟದ ಸಾಮಾನು ಏನೇನಿದೆ ನೋಡಿ, ಅದನ್ನು ಆ ಚೀಲದಲ್ಲಿ ವಾಪಸ್ ತನ್ನಿ. ಹಬ್ಬದ ಹಿಂದಿನ ಸಂಜೆ ಹೊಸದುರ್ಗದ ಬಸ್ಸಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ಮಧ್ಯಾಹ್ನದ ಬಸ್ಸನ್ನೇ ಹಿಡಿಯಿರಿ.